ಒಂದೇ ಸಲ ಬಂದ ಕೂಗು

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಚಳಿಗಾಲ ಬಂತೆಂದರೆ ನಮ್ಮಜ್ಜಿ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದಳು: "ಮಂಜ್ನಾಗೆ ಯಾರಾದ್ರೂ ಕೂಗುದ್ರೆ ಓ ಅನ್ಬ್ಯಾಡ ಕಣ್ಲಾ. ಮನ್ಸ ಆದ್ರೆ ಮೂರು ಸಲ ಕೂಗ್ತಾನೆ. ಇನ್ನೊಂದು ಒಂದೇ ಸಲ ಕೂಗೋದು." ಆ 'ಇನ್ನೊಂದು' ಏನೆಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. "ಯಾಕಜ್ಜಿ, ಅದುಕ್ಕೆ ಗಂಟಲು ನೋವಾ?" ಎಂದು ನಾನು ಕಿಚಾಯಿಸುತ್ತಿದ್ದೆ. ಈಗ ನಾನು ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ನಮ್ಮೂರು. ಚಳಿಯ ಜೊತೆಗೇ ಬಣ್ಣದ ಕೊಕ್ಕರೆಗಳು ಬಂದು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ನಮ್ಮವರು ಅವನ್ನು ಕರೆಯುವುದು. ಗೂಡಿರುವ ಹುಣಸೆಮರದಲ್ಲಿ ಕಾಯಿ ಎಷ್ಟೇ ತೂಗುತ್ತಿರಲಿ, ಮರಿ ಹಾರುವ ತನಕ ಯಾರೂ ಬಡಿಯುವುದಿಲ್ಲ.

ಇದ್ದ ಮರಗಳಲ್ಲೆಲ್ಲ ದೊಡ್ಡದು ನನ್ನ ಗೆಳೆಯ ಪುಟ್ಟಸ್ವಾಮಿಯ ಹಿತ್ತಿಲಿನದು. ಚಳಿಗಾಲದ ಬೆಳಗ್ಗೆ ಕಂಬಳಿ ಹೊದ್ದು ಕೆರೆ ಏರಿಯ ಮೇಲೆ ಕೂತು ಹಕ್ಕಿ ನೋಡುವುದು ನಮ್ಮಿಬ್ಬರಿಗೆ ಚಿಕ್ಕಂದಿನಿಂದ ಅಂಟಿದ ಚಟ. ನನ್ನ ಕಾಲು ಉದ್ದವೆಂದು ಅವನು ನನ್ನನ್ನು "ಕೊಕ್ಕರೆ" ಎನ್ನುತ್ತಿದ್ದ. ಹಾಗೆ ಕರೆಯುವ ಸಲಿಗೆ ಬೇರೆ ಯಾರಿಗೂ ಇರಲಿಲ್ಲ. ಗೆಜ್ಜಲಗೆರೆಯ ಫ್ಯಾಕ್ಟರಿಗಳಿಗೆ ಹೋಗಿ ಬರುವವರಿಗಾಗಿ ಹಿತ್ತಿಲಲ್ಲಿ ಬಾಡಿಗೆ ಮನೆ ಕಟ್ಟುವ ಮಾತು ಅವನ ಮನೆಯಲ್ಲಿ ಎದ್ದಾಗ ನನಗೆ ಗಾಬರಿಯಾಯಿತು. ಅವನು ಮರದ ಮೇಲೆ ಕೈಯಿಟ್ಟು, "ನಾನಿರೋಗಂಟ ಇದ್ಕೆ ಕೊಡ್ಲಿ ಬೀಳಕ್ಕಿಲ್ಲ, ಬುಡ್ಲಾ" ಅಂದ. ಅವನ ಮಾತು ನಂಬಿ ಸುಮ್ಮನಾದೆ.

ಆ ವರ್ಷ ಮಂಜು ಜೋರಾಗಿತ್ತು. ಒಂದು ಸಂಜೆ ಅವನ ಹೆಂಡತಿ ಸಾಕಮ್ಮ ಫೋನು ಮಾಡಿ, ಅವನಿಗೆ ಗಂಟಲು ಕಟ್ಟಿದೆ, ಮಲಗಿದ್ದಾನೆ, ನಾಳೆ ಏರಿಗೆ ಬರುವುದಿಲ್ಲ ಎಂದಳು. ಮರುದಿನ ಬೆಳಗ್ಗೆ ಒಬ್ಬನೇ ಹೋದೆ. ಬೆಳಕು ಹರಿದಿದ್ದರೂ ನೀರು ಕಾಣುತ್ತಿರಲಿಲ್ಲ. ಎಲ್ಲೋ ಬಾತುಗಳು ರೆಕ್ಕೆ ಬಡಿಯುವ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಆಗ ಕಬ್ಬಿನ ಗದ್ದೆಯ ಕಡೆಯಿಂದ ಪುಟ್ಟಸ್ವಾಮಿಯ ದನಿ ಬಂತು. "ಲೇ ಕೊಕ್ಕರೆ, ಬಿರ್ನೆ ಬಾರ್ಲಾ."

ಸ್ಪಷ್ಟವಾದ, ತುಂಬಿದ ದನಿ. "ಓ, ಬಂದೆ" ಎಂದು ಎದ್ದೇಬಿಟ್ಟೆ. ಮತ್ತೆ ಕೂಗು ಬರಲಿಲ್ಲ. ಅಜ್ಜಿಯ ಮಾತು ಆಗ ನೆನಪಾಗಲೂ ಇಲ್ಲ. ಕಬ್ಬಿನ ನಡುವಿನ ಬದುವಿನ ಮೇಲೆ ನಡೆದರೆ ಸೀದಾ ಅವನ ಹಿತ್ತಿಲೇ ಸಿಗುತ್ತದೆ.

ಹಿತ್ತಿಲಲ್ಲಿ ಹುಣಸೆಮರದ ಕೊಂಬೆಗಳಿಗೆ ಹಗ್ಗ ಬಿಗಿದಿದ್ದರು. ಮರ ಕುಯ್ಯುವ ಮೆಷಿನ್ನು ಹಿಡಿದು ಆಳುಗಳು ಸಿದ್ಧರಾಗಿ ನಿಂತಿದ್ದರು. ಮೇಲೆ ಗೂಡುಗಳಲ್ಲಿ ಕೊಕ್ಕರೆಗಳು ಮೊಟ್ಟೆಗೆ ಕಾವು ಕೊಡುತ್ತ ಕೂತಿದ್ದವು. ಮಫ್ಲರ್ ಸುತ್ತಿಕೊಂಡಿದ್ದ ಪುಟ್ಟಸ್ವಾಮಿ ನನ್ನನ್ನು ಕಂಡು ಬೆಚ್ಚಿಬಿದ್ದ.

"ಇದ್ನ ತೋರ್ಸಕ್ಕೆ ಕೂಗುದ್ಯೇನ್ಲಾ?" ಎಂದೆ.

ಅವನ ತುಟಿ ಆಡಿತು. ಗಾಳಿಯಲ್ಲದೆ ಬೇರೇನೂ ಹೊರಡಲಿಲ್ಲ. ಸಾಕಮ್ಮ ನಡುವೆ ಬಂದಳು. "ನೆನ್ನೆಯಿಂದ ಅವರ್ಗೆ ಮಾತೇ ಈಚ್ಗೆ ಬತ್ತಿಲ್ಲ ಕಣಣ್ಣ. ಇನ್ನು ಕೂಗಾದೆಲ್ಲಿ ಬಂತು?" ಆಳುಗಳನ್ನು ಕೇಳಿದೆ. ಯಾರೂ ಕೂಗಿರಲಿಲ್ಲ, ಯಾರೂ ಏನನ್ನೂ ಕೇಳಿರಲಿಲ್ಲ.

"ಮರಿ ಹಾರೋಗಂಟ ತಡ್ಕೊಳ್ಳಾ, ನಿನ್ನ ದಮ್ಮಯ್ಯ" ಎಂದು ಬೇಡಿಕೊಂಡೆ. ಅವನು ಮುಖ ತಿರುಗಿಸಿ ಆಳುಗಳಿಗೆ ಕೈ ಬೀಸಿದ. ಮೆಷಿನ್ನು ಶುರುವಾಯಿತು. ಬೆಳೆದ ಕೊಕ್ಕರೆಗೆ ಕೂಗುವ ದನಿಯಿಲ್ಲ, ಕೊಕ್ಕು ಕಟಕಟಿಸುವುದಷ್ಟೇ ಗೊತ್ತು. ಮರ ಉರುಳಿದ ಮೇಲೂ ಮಧ್ಯಾಹ್ನದವರೆಗೆ ಅವು ಸದ್ದಿಲ್ಲದೆ ಅಲ್ಲೇ ಸುತ್ತುತ್ತಿದ್ದವು. ಒಡೆದ ಮೊಟ್ಟೆಗಳ ಮೇಲೆ ಸಾಕಮ್ಮ ಮಣ್ಣು ಎಳೆದಳು.

ಮರ ಅವನದು, ಜಾಗ ಅವನದು, ಒಪ್ಪಿದೆ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ? ಕಡಿಯುತ್ತೇನೆ ಎಂದು ಎದುರಿಗೇ ಹೇಳಿದ್ದರೆ ಜಗಳವಾಡಿ ಮರೆಯುತ್ತಿದ್ದೆನೇನೋ. ನನ್ನನ್ನು ಏರಿಯ ಮೇಲೆ ಕೂರಿಸಿ, ಬೆನ್ನ ಹಿಂದೆ ಕೆಲಸ ಮುಗಿಸಲು ಹೊರಟನಲ್ಲ, ಅದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ. ಅವನು ಹೇಳಿಸಿದ್ದರಲ್ಲಿ ಗಂಟಲು ಕಟ್ಟಿದ್ದು ನಿಜ, ಮಲಗಿದ್ದು ಸುಳ್ಳು.

ಹಾಗಾದರೆ ಕೂಗಿದ್ದು ಯಾರು? ಗೊರವಂಕವೋ ಕಾಜಾಣವೋ ಅವನ ದನಿ ಕಲಿತಿರಬೇಕು ಎಂದು ಹಕ್ಕಿಗಳನ್ನು ಬಲ್ಲವರೊಬ್ಬರು ಹೇಳಿದರು. "ಕೊಕ್ಕರೆ" ಎಂದು ಕೂಗಲು ಕಲಿತಿರಬಹುದು. "ಬಿರ್ನೆ ಬಾ" ಎನ್ನುವ ಹೊತ್ತು ಯಾವುದೆಂದು ಅದಕ್ಕೆ ಯಾರು ಕಲಿಸಿದರು? ಮಂಜು, ನಿದ್ದೆಗಣ್ಣು, ಭ್ರಮೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಯಾವುದೂ ಕೂಡಿಬರುವುದಿಲ್ಲ.

ಹಿತ್ತಿಲಲ್ಲಿ ಈಗ ಬಾಡಿಗೆ ಮನೆಗಳಿವೆ. ಪುಟ್ಟಸ್ವಾಮಿಯ ಗಂಟಲೂ ಸರಿಹೋಗಿದೆ. ರಸ್ತೆಯಲ್ಲಿ ಕಂಡರೆ ನನ್ನ ಹೆಸರು ಹಿಡಿದು ಕರೆಯುತ್ತಾನೆ. ಕೊಕ್ಕರೆ ಎನ್ನುವ ಧೈರ್ಯ ಅವನಿಗಿಲ್ಲ. ಒಮ್ಮೆ, ಎರಡು ಸಲ, ಮೂರು ಸಲ, ಮನುಷ್ಯರು ಕೂಗುವ ಹಾಗೆಯೇ ಕೂಗುತ್ತಾನೆ. ನಾನು ಓಗೊಡುವುದಿಲ್ಲ.

ಚಳಿಗಾಲದಲ್ಲಿ ಈಗಲೂ ಏರಿಗೆ ಹೋಗಿ ಒಬ್ಬನೇ ಕೂರುತ್ತೇನೆ. ಅಂದು ಕೂಗಿದ್ದು ಏನೆಂದು ನನಗೆ ಇನ್ನೂ ಗೊತ್ತಿಲ್ಲ. ಆದರೆ ಮಂಜಿನಲ್ಲಿ ಆ ದನಿ ಮತ್ತೆ ಬಂದರೆ, ಒಂದೇ ಸಲ ಬಂದರೂ ಸರಿ, ಓ ಎಂದು ಎದ್ದು ಹೋಗುತ್ತೇನೆ.