ಅವ್ವನ ಹೊಟ್ಟೆ, ನನ್ನ ಅನುಮಾನ

ಕರುಳು ಗಂಟು ಬಿದ್ದಿರಬಹುದು. ಪಿತ್ತಕೋಶದಲ್ಲಿ ಕಲ್ಲಾಗಿರಬಹುದು. ಮಿಯಾಪುರದ ಬೋರ್‌ವೆಲ್ಲಿನ ಗಡಸು ನೀರು ಒಗ್ಗದೆ ಹೋಗಿರಬಹುದು. ಹೆಂಡತಿ ತುಪ್ಪ ಬಡಿಸುವಾಗ ಕೈ ಬಿಗಿ ಹಿಡಿಯುತ್ತಿರಬಹುದು. ಅಬಿಡ್ಸ್‌ನಿಂದ ನಾನೇ ತಂದ ತ್ರಿಫಲಾ ಚೂರ್ಣಕ್ಕೆ ಮರದ ಹೊಟ್ಟು ಬೆರೆಸಿರಬಹುದು. ಇಲ್ಲವೇ ಹೆಸರು ಹೇಳಬಾರದ ಆ ರೋಗವೇ ಇರಬಹುದು. ಅದು ನಮ್ಮ ಮನೆತನದಲ್ಲಿ ಇದುವರೆಗೆ ಯಾರಿಗೂ ಬಂದಿಲ್ಲ ಎನ್ನುವುದೇ ನನಗೆ ಅನುಮಾನಕ್ಕೆ ಕಾರಣವಾಗಿತ್ತು.

ಅವ್ವ ನಾರಾಯಣಗೂಡದ ಅಣ್ಣನ ಮನೆಯಿಂದ ನಮ್ಮ ಹೊಸ ಫ್ಲ್ಯಾಟಿಗೆ ಬಂದಾಗಿನಿಂದ ಅವಳ ಹೊಟ್ಟೆ ಸಾಫಾಗುತ್ತಿರಲಿಲ್ಲ. ಆಗ ತೆಲುಗರ ರಾಜ್ಯ ಇನ್ನೂ ಎರಡಾಗಿ ಒಡೆದಿರಲಿಲ್ಲ, ಮಿಯಾಪುರಕ್ಕೆ ಮೆಟ್ರೊ ಬಂದಿರಲಿಲ್ಲ, ನಲ್ಲಿಯಲ್ಲಿ ನೀರು ಮನಸ್ಸು ಬಂದಾಗ ಬರುತ್ತಿತ್ತು. ಅವ್ವ ಮೊದಲು ರಾತ್ರಿಯೂಟ ಬಿಟ್ಟಳು. ಆಮೇಲೆ ಮಧ್ಯಾಹ್ನದ ರೊಟ್ಟಿ ಅರ್ಧಕ್ಕೆ ಇಳಿಯಿತು. ತಲೆನೋವು ಬೇರೆ. ಅದೇ ಸೀರೆಗೆ ನಿರಿಗೆಗಳು ಹೆಚ್ಚಾಗುತ್ತಿರುವುದನ್ನು ನಾನು ಎಣಿಸುತ್ತಿದ್ದೆ.

"ಇವತ್ತರ ಆತೇನವ್ವಾ?"

"ಆಗ್ತೈತಿ ಬಿಡೋ. ಮೊದ್ಲು ನಿನ್ನ ಹೊಟ್ಟಿ ನೋಡ್ಕೊ," ಎಂದು ನನ್ನನ್ನು ಕನಿಕರದಿಂದ ನೋಡುತ್ತಿದ್ದಳು. ಆ ಕನಿಕರದ ಮೇಲೂ ನನಗೆ ಅನುಮಾನ ಬಂತು. ನಿಜ ಹೇಳಬೇಕೆಂದರೆ, ಚಿಂತೆಗೋ ಏನೋ, ಅವ್ವ ದಿನಾ ಕುದಿಸಿ ಕೊಡುತ್ತಿದ್ದ ಕಷಾಯ ಕುಡಿದರೂ ನನ್ನ ಹೊಟ್ಟೆ ಆಗ ಅಗತ್ಯಕ್ಕಿಂತ ಹೆಚ್ಚು ಸಾಫಾಗುತ್ತಿತ್ತು.

ನಾನು ಕಾವಲು ಬಿಗಿ ಮಾಡಿದೆ. ಚೂರ್ಣದ ಡಬ್ಬಿ ದಿನದಿನಕ್ಕೆ ಖಾಲಿಯಾಗುತ್ತಿದೆಯೇ ಎಂದು ನೋಡುತ್ತಿದ್ದೆ, ಆಗುತ್ತಿತ್ತು. ಆದರೂ ಗುಣವಿಲ್ಲ. ನಲ್ಲಿ ಕೈಕೊಟ್ಟು ಅವಳಿಗೆ ಪೇಚಾಗದಿರಲಿ ಎಂದು, ಅವಳು ಬಂದ ದಿನದಿಂದಲೇ ರಾತ್ರಿ ಮಲಗುವ ಮುಂಚೆ, ಮದುವೆಯಲ್ಲಿ ನನಗೆ ಬಂದ ಹಿತ್ತಾಳೆ ತಂಬಿಗೆಯಲ್ಲಿ ನೀರು ತುಂಬಿ ಶೌಚದ ಬಾಗಿಲ ಹೊರಗೆ ಇಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ನೀರು ಮುಟ್ಟಿದ ಗುರುತೇ ಇಲ್ಲ.

"ನೀವು ಸಿಐಡಿಗೆ ಹೋಗಬೇಕಿತ್ರಿ. ತಪ್ಪಿ ಈ ನೌಕರಿ ಹಿಡದೀರಿ," ಎಂದಳು ಹೆಂಡತಿ.

ಕೊನೆಗೊಂದು ಭಾನುವಾರ ಅವ್ವನನ್ನು ನಾರಾಯಣಗೂಡದ ವೈದ್ಯರ ಬಳಿ ಕರೆದೊಯ್ದೆ. ನಮ್ಮ ಕಡೆಯವರೇ. ನಾಡಿ ಹಿಡಿದು ಕಣ್ಣು ಮುಚ್ಚಿದರು. ನಿದ್ದೆ ಹೋದರೇ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಮಾತಾಡಿದರು.

"ಮಲ ಅಂದ್ರ ಬರೇ ಹೊಲಸಲ್ರಿ ಅವ್ವಾರ. ಅದೂ ಮೈಗೆ ಆಧಾರ. ಆದ್ರ ತನ್ನ ಹೊತ್ತಿಗೆ ಅದು ಹೋಗಬೇಕು. ಬಂದದ್ದನ್ನ ತಡದ್ರ ವಾಯು ಕೆಳಗ ಇಳಿಯೋದು ಬಿಟ್ಟು ತಲಿಗೆ ಏರ್ತೈತಿ. ತಡೀತೀರೇನು?"

ಅವ್ವ ನನ್ನ ಕಡೆ ಒಮ್ಮೆ ನೋಡಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ದನಿ ತಗ್ಗಿಸಿದಳು.

"ತಡೀಲಾರದ ಏನ್ ಮಾಡ್ಲಿರಿ? ನನಗ ನಸುಕಿನ್ಯಾಗ ಬರ್ತೈತಿ. ಎದ್ದು ಹೋದ್ರ ಒಳಗ ಇವನ ಇರ್ತಾನ. ದಿನಾ! ಕಾದು ಕಾದು ಸಾಕಾಗಿ ತಿರುಗಿ ಬರ್ತೀನಿ. ಸ್ನಾನ, ಪೂಜಿ ಆದ್ಮ್ಯಾಲ ಹೋದ್ರ ಮತ್ತ ಮೈ ತೊಳೀಬೇಕು, ಅಷ್ಟು ನೀರು ಎಲ್ಲೈತಿ? ನನಗೇನಾಗಿಲ್ರಿ, ಇವನ್ನ ನೋಡ್ರಿ. ಭಾಳ ತ್ರಾಸ್ ಐತಿ ಇವಂಗ. ಆ ಚೂರ್ಣ ಸೈತ ನಾ ಇವನ ಕಷಾಯದಾಗ ಹಾಕಾಕತ್ತೀನಿ."

"ಯಾರು, ನಾನಾ?" ನನ್ನ ದನಿ ಕೀರಲಾಯಿತು. "ನಸುಕಿನ್ಯಾಗ ನಾ ಎದ್ದದ್ದು ಯಾವಾಗ ನೋಡೀಯವ್ವಾ?"

"ಸುಳ್ಳು ಹೇಳಬ್ಯಾಡ. ನಿನ್ನ ತಂಬಿಗಿ ಹೊರಗ ಇರ್ತಿತ್ತಲ್ಲ!"

ವೈದ್ಯರು ಈಗ ಪೂರ್ತಿ ಕಣ್ಣು ಬಿಟ್ಟಿದ್ದರು.

ಅಣ್ಣನ ವಠಾರದಲ್ಲಿ ನಾನೂ ಬೆಳೆದವನೇ. ಎಲ್ಲ ಮನೆಗಳಿಗೂ ಸೇರಿ ಇದ್ದ ಆ ಒಂದೇ ಶೌಚಕ್ಕೆ ಚಿಲಕವಿರಲಿಲ್ಲ. ನೀರಿನ ಬಕೀಟು ಒಳಗೇ ಇರುತ್ತಿತ್ತು. ಹೋದವರು ತಮ್ಮ ತಂಬಿಗೆಯನ್ನು ಬಾಗಿಲ ಮುಂದೆ ಇಟ್ಟು ಹೋಗಬೇಕು. ಅದನ್ನು ಕಂಡವರು ಸದ್ದಿಲ್ಲದೆ ಹಿಂತಿರುಗಬೇಕು. ಒಳಗಿದ್ದವರನ್ನು ಕೂಗುವುದು ಮರ್ಯಾದೆಯಲ್ಲ. ಚಿಲಕದ ಮನೆಗೆ ಬಂದು ನಾನು ಮರೆತೆ, ಅವಳು ಮರೆಯಲಿಲ್ಲ.

ವೈದ್ಯರು ಔಷಧಿ ಬರೆಯಲಿಲ್ಲ. ನನ್ನ ಕಷಾಯಕ್ಕೆ ಚೂರ್ಣ ಹಾಕಿದ್ದು ಸಾಕೆಂದು ಮಾತ್ರ ಅವ್ವನಿಗೆ ಹೇಳಿದರು. ಆ ವಾರ ಕಳೆಯುವುದರೊಳಗೆ ಅವ್ವ ತಟ್ಟೆಯಲ್ಲಿ ಎರಡನೆಯ ರೊಟ್ಟಿಗೆ ಜಾಗ ಮಾಡಿದಳು. ಕರುಳು, ಕಲ್ಲು, ನೀರು, ತುಪ್ಪ, ಹೆಸರಿಲ್ಲದ ರೋಗ, ಯಾವುದೂ ಅಲ್ಲ. ಬಾಗಿಲಿನ ಆ ಕಡೆ ಇಡಬೇಕಾದ ತಂಬಿಗೆಯನ್ನು ಈ ಕಡೆ ಇಟ್ಟಿದ್ದೆ, ಅಷ್ಟೆ.