ಮಹಾರಾಜನ ಸೂತಕ

ಮನುಷ್ಯ ಎಂಥ ದೊಡ್ಡವನಾದರೂ ಒಂದು ದಿನ ಸಾಯಲೇಬೇಕು. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೂ ನಾಲ್ಕು ಕವಡೆ ಬೋರಲು ಬೀಳಬೇಕಿತ್ತು.

ಇಂಟರ್‌ನೆಟ್ ನೋಡಲು ಸಾಗರಕ್ಕೆ ಬಸ್ಸು ಹತ್ತುತ್ತಿದ್ದ ಕಾಲ ಅದು. ನಾವು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ನಾಡಿಗೆಲ್ಲ ಕರೆಂಟು ಕಳಿಸುವ ಆ ಊರಲ್ಲಿ ಮಧ್ಯಾಹ್ನವಾದರೆ ನಮ್ಮ ಫ್ಯಾನು ನಿಲ್ಲುತ್ತಿತ್ತು. ಬೇಸಿಗೆ ರಜೆಗೆ ಹೊಸನಗರದಿಂದ ಬಂದ ಚಿಕ್ಕಪ್ಪನ ಮಗ ರಾಘು, ಒಂದು ವಿಲಾಯಿತಿ ಆಟದ ನಿಯಮಗಳನ್ನು ಪ್ರಿಂಟ್ ಹಾಕಿಸಿ ತಂದಿದ್ದ. ಒಂದು ಪಾಳು ಅರಮನೆ. ಒಳಗೆ ಒಬ್ಬರನ್ನೊಬ್ಬರು ಮುಗಿಸಲು ಹೊಂಚುವ ರಾಜಮನೆತನ. ಸತ್ತರೂ ಕೆಲಸ ಬಿಡದ ನೌಕರರು. ಒಬ್ಬ ಕಥೆ ಹೇಳಬೇಕು, ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು, ಅದು ಫಲಿಸಿತೋ ಇಲ್ಲವೋ ದಾಳ ಹೇಳುತ್ತದೆ. ದಾಳವಿರಲಿಲ್ಲ, ಅಜ್ಜಿಯ ಚೌಕಾಬಾರದ ಕವಡೆಗಳಿದ್ದವು. ನಾಲ್ಕೂ ಬೋರಲು ಬಿದ್ದರೆ ಸಾವು, ನಾಲ್ಕೂ ಅಂಗಾತ ಬಿದ್ದರೆ ಬೇರೆ ಏನು ಕೇಳಿದರೂ ಫಲಿಸಿತೆಂದು ಲೆಕ್ಕ. ಅರಮನೆಯನ್ನು ಹೊಸನಗರದ ಹತ್ತಿರದ, ನಗರವೆಂಬ ಊರಿನ ಕೋಟೆಗೆ ಸ್ಥಳಾಂತರಿಸಿದೆವು.

ರಾಘು ಕಥೆಗಾರ, ಮಹಾರಾಜನೂ ಅವನೇ. ನಾನು, ತೀರಿಕೊಂಡ ಮೇಲೂ ತಪ್ಪದೆ ಕಚೇರಿಗೆ ಬರುವ ದಿವಾನ. ತಂಗಿ ವೀಣಾ ರಾಜಕುಮಾರಿ. ಮಹಾರಾಜ ಸತ್ತರೆ ಪಟ್ಟ ಅವಳದು. ರಜೆಯಿಡೀ ಅವಳು ಅದಕ್ಕಾಗಿ ಕಾದಿದ್ದಳು. ಅವನು ಸಾಯುತ್ತಲೇ ಇರಲಿಲ್ಲ.

ರಾಘು ಊರಿಗೆ ಹೊರಡುವ ಹಿಂದಿನ ಮಧ್ಯಾಹ್ನ ವೀಣಾ, "ಮಹಾರಾಜರ ಪಾಯಸಕ್ಕೆ ಕಾಸರಕದ ವಿಷದ ಬೀಜ ಅರೆದು ಹಾಕ್ದೆ" ಎಂದು ಕವಡೆ ಚೆಲ್ಲಿದಳು. ನಾಲ್ಕೂ ಬೋರಲು. ಯಾರು ಸತ್ತರೂ ಉಳಿದವರು ಗಟ್ಟಿಯಾಗಿ ಅಳಬೇಕೆಂಬುದು ನಿಯಮ. ಸಣ್ಣಗೆ ಅತ್ತವರಿಗೆ ಮುಂದಿನ ಸರದಿ ಇಲ್ಲ. "ಅಯ್ಯೋ, ನಮ್ಮನ್ನೆಲ್ಲ ಬಿಟ್ಟು ಹೋದ್ರಲ್ಲಾ!" ಎಂದು ಎದೆ ಬಡಿದುಕೊಂಡೆವು.

ಅದು ಕೇಳಿದಾಗ ಹೊರಗೆ ಚಪ್ಪಲಿ ಬಿಡುತ್ತಿದ್ದವರು ತೀರ್ಥಹಳ್ಳಿಯ ದೊಡ್ಡಪ್ಪ. ಅಪರಕರ್ಮ ಮಾಡಿಸುವುದರಲ್ಲಿ ಅವರದು ದೊಡ್ಡ ಹೆಸರು. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಮೊದಲು ಸ್ನಾನ, ಆಮೇಲೆ ವಿಚಾರಣೆ. ನಮ್ಮ ಕಡೆ ತಿರುಗಿಯೂ ನೋಡದೆ ನೇರ ಬಚ್ಚಲಿಗೆ ಹೋಗಿ, ಉಟ್ಟ ಪಂಚೆಯಲ್ಲೇ ತಣ್ಣೀರು ಸುರಿದುಕೊಂಡು ಬಂದರು. ಅಷ್ಟರಲ್ಲಿ ಅಜ್ಜಿ ಹಲಸಿನ ಹಪ್ಪಳದ ಮೊರ ಹಿಡಿದು ಟೆರೇಸಿನಿಂದ ಇಳಿದರು.

"ಅಮ್ಮಾ! ನೀನು ಇದ್ದೀಯಾ?"

"ಇರ್ದೇ ಎಂತ? ನೀ ಎಂತಕ್ಕೆ ಮಿಂದಿದ್ದು?"

"ಮತ್ತೆ ಹೋಗಿದ್ದು ಯಾರು?"

"ಮಹಾರಾಜ" ಎಂದ ರಾಘು, ಬಹಳ ಮೆಲ್ಲಗೆ.

ದೊಡ್ಡಪ್ಪನ ಮುಖ ಕೆಂಪಗಾಯಿತು. "ಬೇರೆ ಆಟ ಸಿಗ್ಲಿಲ್ವಾ ನಿಮಗೆ? ಹೆತ್ತ ತಾಯಿ ಹೋದ್ಲು ಅಂತ ನನ್ನ ಜೀವ ಬಾಯಿಗೆ ಬಂತು! ಎತ್ತಿ ಕವಡೆ. ಬಚ್ಚಲ ಒಲೆಗೆ ಹಾಕಿ."

ರಾಘು ಕಾಗದ ಮಡಚತೊಡಗಿದ. ವೀಣಾ ಕವಡೆಗಳನ್ನು ಮುಷ್ಟಿಯಲ್ಲಿ ಬಿಗಿದು ಕೂತೇ ಇದ್ದಳು.

"ಕೊಡಲ್ಲ ದೊಡ್ಡಪ್ಪ. ಸತ್ತವರ ಕೆಲಸ ಅರ್ಧಕ್ಕೆ ಬಿಟ್ರೆ ಪ್ರೇತ ಮನೇಲೇ ಉಳಿಯತ್ತೆ ಅಂತ ನೀವೇ ಹೇಳ್ತೀರಿ."

ಶಾಸ್ತ್ರದ ಮಾತು ಬಂದರೆ ದೊಡ್ಡಪ್ಪ ಸಿಟ್ಟನ್ನೂ ಬದಿಗಿಡುವವರು. "ಗೋತ್ರ ಯಾವುದು ಅವನದು?"

"ಅದರಲ್ಲಿ ಬರೆದಿಲ್ಲ" ಎಂದ ರಾಘು.

"ಗೋತ್ರ ಇಲ್ಲ, ಹೆಸರಿಲ್ಲ. ಅಂಥವನಿಗೆ ಎಂತ ಕರ್ಮ, ಮಾರಾಯ್ತಿ?"

"ಹಾಗಾದ್ರೆ ನೀವು ಮಿಂದಿದ್ದು ಯಾರಿಗೆ?"

ದೊಡ್ಡಪ್ಪ ತೊಟ್ಟಿಕ್ಕುವ ಪಂಚೆಯ ಅಂಚು ಹಿಂಡಿದರು. ನನಗೆ ಏಟು ಬೀಳುವುದು ಖಾತ್ರಿಯಾಗಿತ್ತು. ವೀಣಾ ಏನು ಹೇಳಿದರೂ ಏಟು ಅಕ್ಕನಾದ ನನಗೇ. ಅಜ್ಜಿ ಮೊರ ಕೆಳಗಿಟ್ಟು ಮಗನ ಹೆಗಲಿಗೊಂದು ಟವೆಲು ಹಾಕಿದರು.

"ಕೂಸು ಹೇಳೋದು ಸರಿ ಇದೆ ಮಾರಾಯ. ಮಿಂದಾಯ್ತು, ಸುಮ್ನೆ ಕೂತ್ಕ."

ದೊಡ್ಡಪ್ಪ ಗೋಡೆಗೊರಗಿ ಕೂತು ಜುಟ್ಟು ಒರೆಸಿಕೊಂಡರು. "ಈ ಪಂಚೆ ಒಣಗೋ ತನಕ ಆಡ್ಕೊಳ್ಳಿ. ಆದ್ರೆ ಸೂತಕದಲ್ಲಿ ಪಟ್ಟ ಕಟ್ಟೋ ಹಾಗಿಲ್ಲ."

"ಸಿಂಹಾಸನ ಖಾಲಿ ಬಿಡೋ ಹಾಗೂ ಇಲ್ಲ" ಎಂದು ವೀಣಾ ಕವಡೆ ಚೆಲ್ಲಲು ಕೈಯೆತ್ತಿದಳು.

ಆ ಕ್ವಾರ್ಟರ್ಸಿನ ಸಾಲಿಗೆ ಈಗ ಬೀಗ. ಅಜ್ಜಿಯಿಲ್ಲ, ದೊಡ್ಡಪ್ಪನಿಲ್ಲ. ಈಗ ನನ್ನ ಮಕ್ಕಳಿಗೆ ಇಂಥ ಆಟಗಳು ಕೊರಿಯರ್‌ನಲ್ಲಿ ಬರುತ್ತವೆ, ದಾಳದ ಸಮೇತ. ರಾಜರು ಸಾಯುತ್ತಾರೆ, ಯಾರೂ ದನಿಯೆತ್ತಿ ಅಳುವುದಿಲ್ಲ, ಯಾರೂ ಬೈಯುವುದಿಲ್ಲ. ಬೈಯುವವರಿಲ್ಲದ ಮನೆಯಲ್ಲಿ ಹಠ ಹಿಡಿಯುವುದನ್ನು ಮಕ್ಕಳು ಎಲ್ಲಿ ಕಲಿಯಬೇಕು?

ಅಂದು ನಾಲ್ಕೂ ಕವಡೆ ಅಂಗಾತ ಬಿದ್ದವು. ಸೂತಕದಲ್ಲೇ ವೀಣಾಗೆ ಪಟ್ಟವಾಯಿತು.