ತಪ್ಪು ಮಾಡುವ ಮಗು ಬೇಕಾಗಿದೆ

ಕಂಪ್ಯೂಟರ್ ವಿಷಯದಲ್ಲಿ ನನಗೆ ಸಿಕ್ಕ ಖ್ಯಾತಿಗೆಲ್ಲ ಒಂದು ಸೇಫ್ಟಿ ಪಿನ್ ಕಾರಣ. ಇಸವಿ ಎರಡು ಸಾವಿರ ದಾಟಿ ಐದಾರು ವರ್ಷವಾಗಿತ್ತು. ಕೊಪ್ಪದಲ್ಲಿ ಶಿಕ್ಷಕರ ಸಭೆ ನಡೆಯುತ್ತಿದ್ದಾಗ ಕಚೇರಿಯ ಕಂಪ್ಯೂಟರ್ ಒಂದು ಸಿ.ಡಿ.ಯನ್ನು ನುಂಗಿ ಬಾಯಿ ಬಿಡದೆ ಕೂತಿತು. ಅಧಿಕಾರಿಗಳು ಗುಂಡಿ ಒತ್ತಿದರು, ಗುಮಾಸ್ತರು ಮೇಲಿಂದ ತಟ್ಟಿದರು, ಏನೂ ಆಗಲಿಲ್ಲ. ನಾನು ಪಕ್ಕದಲ್ಲಿದ್ದ ಶಿಕ್ಷಕಿಯೊಬ್ಬರಿಂದ ಪಿನ್ ಇಸಿದುಕೊಂಡು ಮುಂದಿದ್ದ ಸಣ್ಣ ತೂತಿಗೆ ಚುಚ್ಚಿದೆ. ತಟ್ಟೆ ಹೊರಗೆ ಬಂತು. ಹಿಂದಿನ ವಾರವಷ್ಟೇ ಬಾಳೆಹೊನ್ನೂರಿನ ಜೆರಾಕ್ಸ್ ಅಂಗಡಿಯಲ್ಲಿ ಹಾಗೆ ಮಾಡುವುದನ್ನು ನೋಡಿದ್ದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಸಭೆ ಮುಗಿಯುವಷ್ಟರಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರಾಗಿದ್ದೆ. ಆಗ ನನಗೆ ಕಂಪ್ಯೂಟರ್ ಶುರು ಮಾಡುವುದು ಬರುತ್ತಿತ್ತು. ನಿಲ್ಲಿಸುವುದಕ್ಕೆ ಪ್ಲಗ್ ಕೀಳುತ್ತಿದ್ದೆ.

ಹದಿನೈದು ದಿನದಲ್ಲಿ ಆದೇಶ ಬಂತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುವ ಸಿ.ಡಿ.ಗಳನ್ನು ಮೂರು ಕಡೆಯವರು ತಯಾರಿಸಿ ಕಳಿಸಿದ್ದಾರೆ, ಅವುಗಳಲ್ಲಿ ನಮ್ಮ ಭಾಗದ ತರಗತಿಗಳಿಗೆ ಯಾವುದು ಹೊಂದುತ್ತದೆಂದು ಪರೀಕ್ಷಿಸಿ ಹೇಳಬೇಕು. ಶೃಂಗೇರಿಯಿಂದ ಒಬ್ಬರು, ನರಸಿಂಹರಾಜಪುರದಿಂದ ಒಬ್ಬರು, ಕೊಪ್ಪದಿಂದ ನಾನು. ಆದೇಶವನ್ನು ನಾನು ನಾಲ್ಕು ಸಲ ಓದಿದೆ. ಆಮೇಲೆ ಹೆಂಡತಿಗೂ ಓದಿ ಹೇಳಿದೆ. "ನಿಮ್ಗೇ ಬಂದಿದ್ದಾ ಇದು?" ಎಂದು ಅವಳು ಲಕೋಟೆಯ ಮೇಲಿನ ವಿಳಾಸ ನೋಡಿದಳು.

ನನ್ನ ಶಾಲೆ ಜಯಪುರದಿಂದ ಸ್ವಲ್ಪ ಒಳಗಿತ್ತು. ಒಂದೇ ಕಂಪ್ಯೂಟರ್, ಅದಕ್ಕೊಂದು ಕೋಣೆ, ಕೋಣೆಗೆ ಬೀಗ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಮುಖ್ಯೋಪಾಧ್ಯಾಯಿನಿ ಹೊಲಿಸಿದ್ದ ಹೂವಿನ ಬಟ್ಟೆಯ ಮುಸುಕು ತೆಗೆದು, ಮಡಚಿಟ್ಟು, ಆಮೇಲೆ ಗುಂಡಿ ಒತ್ತಬೇಕು. ಸಿ.ಡಿ.ಗಳಿಗೆ ಬೂಷ್ಟು ಹಿಡಿಯುತ್ತದೆಂದು ನಾನು ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಿಸಿಯೂಟದ ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟೆ. ಇದೂ ನನ್ನ ತಾಂತ್ರಿಕ ಜ್ಞಾನವೆಂದೇ ಎಲ್ಲರೂ ತಿಳಿದರು.

ಅಡುಗೆಯಾಕೆ ಒಬ್ಬರನ್ನು ಬಿಟ್ಟು. "ಎಂತ ಮೇಷ್ಟ್ರೆ, ಇನ್ನೊಂಚೂರಾದ್ರೆ ಅನ್ನದ ಜೊತೆ ಬೇಯ್ಸಿಬಿಡ್ತಿದ್ದೆ" ಎಂದು ಕವರನ್ನು ನನ್ನ ಕೈಗಿಟ್ಟರು. ಅವರ ಮಗಳು ನನ್ನ ಮೂರನೇ ತರಗತಿಯಲ್ಲಿದ್ದಳು. ಅವತ್ತು ಅವರು ಸೌಟು ಕೆಳಗಿಟ್ಟು ಇನ್ನೊಂದು ಮಾತು ಹೇಳಿದರು. "ನಮ್ಮ ಕೂಸಿಗೆ ಲೆಕ್ಕ ತಲೆಗೆ ಹತ್ತಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಸೀತೂರಲ್ಲಿ ನನ್ನ ತಂಗಿ ಬಾಣಂತಿ. ಮಗು ನೋಡ್ಕಳಕ್ಕೆ ಒಬ್ರು ಬೇಕಂತೆ. ಬೇಸಿಗೆ ರಜೆಗೆ ಕಳ್ಸಿದ್ರೆ ಅಲ್ಲೇ ಇರ್ತಾಳೆ. ಇಲ್ಲಿ ಸುಮ್ನೆ ಕೂತು ಎಂತ ಮಾಡದು?"

ನಾನು "ನೋಡೋಣ" ಎಂದೆ. ಇಪ್ಪತ್ತು ವರ್ಷ ಸರ್ಕಾರಿ ಕೆಲಸ ಮಾಡಿದವನ ಬಾಯಿಗೆ ಮೊದಲು ಬರುವ ಮಾತು ಅದು.

ಈಗ ನಮ್ಮ ಶಾಲೆಯ ಒಂದು ಪದ್ಧತಿ ಹೇಳಬೇಕು. ಹೊರಗಿನಿಂದ ಯಾರಾದರೂ ನೋಡಲು ಬಂದರೆ ತೋರಿಸುವುದಕ್ಕೆಂದು ಪ್ರತಿ ತರಗತಿಯಲ್ಲೂ ಮೂರು ಮಕ್ಕಳಿರುತ್ತಿದ್ದರು. ಅವರು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಪ್ರಶ್ನೆ ಯಾರಿಗೆ ಕೇಳಿದರೂ ಉತ್ತರ ಅವರೇ ಹೇಳುತ್ತಿದ್ದರು. ಉತ್ತರ ಬಾರದ ಮಕ್ಕಳಿಗೆ ಅದೇ ಹೊತ್ತಿಗೆ ಶಾಲೆಯ ತೋಟಕ್ಕೆ ನೀರು ಹಾಕುವ ಕೆಲಸ ಬರುತ್ತಿತ್ತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಜೀಪಿನ ಸದ್ದು ಕೇಳಿದರೆ ಆ ಮಕ್ಕಳು ತಾವಾಗಿಯೇ ಎದ್ದು ತಂಬಿಗೆ ಹಿಡಿಯುತ್ತಿದ್ದರು. ಅಡುಗೆಯಾಕೆಯ ಮಗಳು ಆ ಗುಂಪಿಗೆ ನಾಯಕಿಯ ಹಾಗಿದ್ದಳು. ನಮ್ಮ ದಾಸವಾಳಗಳು ಅಷ್ಟು ಚೆನ್ನಾಗಿದ್ದದ್ದು ಅವಳಿಂದ. ತೋಟ ಚೆನ್ನಾಗಿದೆಯೆಂದು ಬಂದವರೆಲ್ಲ ನನ್ನನ್ನು ಹೊಗಳುತ್ತಿದ್ದರು.

ಸಿ.ಡಿ.ಗಳನ್ನು ಪರೀಕ್ಷಿಸುವ ದಿನ ಯಾವ ಜೀಪೂ ಬಂದಿರಲಿಲ್ಲ. ಆದರೂ ನಾನು ಅಭ್ಯಾಸಬಲದಿಂದ ಮುಂದಿನ ಸಾಲಿನ ಮೂವರನ್ನು ಕರೆದೆ, ಉಳಿದವರಲ್ಲಿ ಕೆಲವರನ್ನು ತೋಟಕ್ಕೆ ಕಳಿಸಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ದಿನವೇ ಆ ಮೂವರಿಗೆ ಸಿ.ಡಿ.ಯಲ್ಲಿದ್ದ ಲೆಕ್ಕಗಳನ್ನು ಬೋರ್ಡಿನ ಮೇಲೆ ಮಾಡಿಸಿದ್ದೆ. ಹೀಗಾಗಿ ಪರೀಕ್ಷೆ ಅದ್ಭುತವಾಗಿ ನಡೆಯಿತು. ಆದೇಶದ ಜೊತೆ ಬಂದಿದ್ದ ಫಾರಂನಲ್ಲಿ ಮೂರು ಸಿ.ಡಿ.ಗೂ ಹತ್ತಕ್ಕೆ ಹತ್ತು ಅಂಕ ಕೊಟ್ಟೆ. ಮನಸ್ಸಿನಲ್ಲಿ ಮಾತ್ರ ಒಂದನೆಯದನ್ನೇ ಗೆಲ್ಲಿಸಿಯಾಗಿತ್ತು. ಅದರಲ್ಲಿ ಬಿಳಿ ಅಂಗಿಯ, ಮೀಸೆಯ ಮೇಷ್ಟ್ರೊಬ್ಬರು ಕೋಲು ಹಿಡಿದು ಗಂಭೀರವಾಗಿ ಪಾಠ ಹೇಳುತ್ತಿದ್ದರು. ಅವರು ನನ್ನ ಹಾಗಿದ್ದರು ಎಂದು ನಾನು ಹೇಳಬಾರದು. ಆದರೆ ಇದ್ದರು.

ಕೊಪ್ಪದ ಕಚೇರಿಯಲ್ಲಿ ನಾವು ಮೂವರು ಸೇರಿದೆವು. ಶೃಂಗೇರಿಯವರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ನರಸಿಂಹರಾಜಪುರದಿಂದ ಬಂದವರು ನನಗಿಂತ ಚಿಕ್ಕ ವಯಸ್ಸಿನ ಶಿಕ್ಷಕಿ. ಮೂವರ ಫಾರಂಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲ ಕಡೆ ಹತ್ತಕ್ಕೆ ಹತ್ತು. ಹೀಗಾದರೆ ಆರಿಸುವುದು ಹೇಗೆ? ಚೀಟಿ ಎತ್ತೋಣವೇ ಎಂದು ಹಿರಿಯರು ಕೇಳಿದರು. ನಾನು ಒಪ್ಪುವವನೇ ಇದ್ದೆ.

ಅಷ್ಟರಲ್ಲಿ ಆ ಶಿಕ್ಷಕಿ, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಮಕ್ಳು ತಪ್ಪು ಒತ್ತಿದ್ರೆ ಈ ಸಿ.ಡಿ.ಗಳು ಎಂತ ಮಾಡ್ತವೆ?" ಎಂದರು.

"ನಮ್ಮ ಮಕ್ಳು ತಪ್ಪೇ ಒತ್ತಲಿಲ್ಲ" ಎಂದೆ, ಎದೆಯುಬ್ಬಿಸಿ.

"ನಮ್ಮವೂ ಇಲ್ಲ ಮಾರಾಯ್ರೆ" ಎಂದರು ಹಿರಿಯರು.

"ನಮ್ಮವೂ ಇಲ್ಲ. ಅದಕ್ಕೇ ಕೇಳಿದ್ದು."

ಮೂವರೂ ಸ್ವಲ್ಪ ಹೊತ್ತು ಚಹಾ ಕುಡಿದೆವು. ಮೂರು ತಾಲ್ಲೂಕಿನಲ್ಲಿ ತಪ್ಪು ಮಾಡುವ ಮಗು ಒಂದೂ ಇಲ್ಲವೆಂದು ಸರ್ಕಾರಕ್ಕೆ ಬರೆದುಕೊಡುವ ಹಂತಕ್ಕೆ ನಾವು ಬಂದಿದ್ದೆವು. ಹತ್ತು ದಿನ ಬಿಟ್ಟು ಮತ್ತೆ ಸೇರುವುದೆಂದು ಎದ್ದೆವು.

ಮೊದಲು ನಾನೇ ತಪ್ಪು ಮಾಡಿ ನೋಡಿದೆ. ನಲವತ್ತಮೂರರಲ್ಲಿ ಇಪ್ಪತ್ತೇಳು ಕಳೆದರೆ ಎಷ್ಟು ಎಂದು ಕಂಪ್ಯೂಟರ್ ಕೇಳಿತು. ಐದು ಸಾವಿರ ಎಂದು ಒತ್ತಿದೆ. ಅದು ಮೂರು ಅಂಕೆಗಿಂತ ಹೆಚ್ಚು ತೆಗೆದುಕೊಳ್ಳಲೇ ಇಲ್ಲ. ಸೊನ್ನೆ ಒತ್ತಲು ಹೋಗಿ ಬೆರಳು ಹಿಂದೆ ತೆಗೆದೆ. ಯಾವ ಮಗು ಸೊನ್ನೆ ಎನ್ನುತ್ತದೆ? ಮೂರನೇ ತರಗತಿಯ ಮಗು ಈ ಲೆಕ್ಕವನ್ನು ಹೇಗೆ ತಪ್ಪು ಮಾಡುತ್ತದೆ ಎಂದು ಯೋಚಿಸಿದೆ, ಹೊಳೆಯಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಸಾವಿರಾರು ತಪ್ಪುಗಳಿಗೆ ಕೆಂಪು ಗೀಟು ಹಾಕಿದ್ದೆ, ಒಂದನ್ನೂ ನೋಡಿರಲಿಲ್ಲ.

ಆಮೇಲೆ ಮುಂದಿನ ಸಾಲಿನ ಜಾಣೆಯೊಬ್ಬಳನ್ನು ಕೂರಿಸಿ, "ಬೇಕಂತಲೇ ಒಂದು ತಪ್ಪು ಉತ್ತರ ಒತ್ತು ಪುಟ್ಟಿ" ಎಂದೆ. ಅವಳು ನನ್ನ ಮುಖ ನೋಡಿದಳು. ಇನ್ನೊಮ್ಮೆ ಹೇಳಿದೆ. ಗಳಗಳ ಅತ್ತುಬಿಟ್ಟಳು. ಮರುದಿನ ಅವಳ ತಂದೆ ಬಂದು, ಮಗಳಿಗೆ ಮೇಷ್ಟ್ರು ತಪ್ಪು ಕಲಿಸುತ್ತಿದ್ದಾರಂತೆ ಹೌದೇ ಎಂದು ಮುಖ್ಯೋಪಾಧ್ಯಾಯಿನಿಯನ್ನು ವಿಚಾರಿಸಿಕೊಂಡು ಹೋದರು.

ಉಳಿದದ್ದು ತೋಟ. ಕಿಟಕಿಯಿಂದ ಅಡುಗೆಯಾಕೆಯ ಮಗಳನ್ನು ಕೂಗಿದೆ. ಅವಳು ತಂಬಿಗೆ ಇಟ್ಟು ಅಡುಗೆಮನೆಗೆ ಓಡಿ ಅಮ್ಮನ ಹಿಂದೆ ನಿಂತಳು. ನಾನು ಕರೆಯುವುದು ಬೈಯುವುದಕ್ಕೆ ಎಂದು ಅವಳ ಲೆಕ್ಕ. ಆ ಒಂದು ಲೆಕ್ಕದಲ್ಲಿ ಅವಳು ಅದುವರೆಗೆ ತಪ್ಪಿರಲಿಲ್ಲ. ಅಮ್ಮ ಸಮಾಧಾನ ಮಾಡಿ ಕರೆತಂದರು. ಅವಳಿಗೆ ಬಿಡಲು ಚಪ್ಪಲಿ ಇರಲಿಲ್ಲ, ಕಾಲಿನ ಕೆಸರು ತೊಳೆದುಕೊಂಡು ಒಳಗೆ ಬಂದಳು.

ಒಂದನೆಯ ಸಿ.ಡಿ. ಹಾಕಿದೆ. ಅದೇ ನಲವತ್ತಮೂರು, ಅದೇ ಇಪ್ಪತ್ತೇಳು. ಅವಳು ಬಹಳ ಹೊತ್ತು ಯೋಚಿಸಿ ಇಪ್ಪತ್ತನಾಲ್ಕು ಎಂದು ಒತ್ತಿದಳು. ಕರ್ಕಶವಾಗಿ ಗಂಟೆ ಬಾರಿಸಿತು, ಮೀಸೆಯ ಮೇಷ್ಟ್ರು "ತಪ್ಪು!" ಎಂದರು. ಅವಳು ಮೌಸ್ ಬಿಟ್ಟು ಎದ್ದು ನಿಂತಳು.

ನನ್ನ ತರಗತಿಯಲ್ಲಿ ಉತ್ತರ ತಪ್ಪಿದವರು ಎದ್ದು ನಿಲ್ಲಬೇಕಿತ್ತು. ಸರಿಯಾದ ಉತ್ತರ ಬೇರೆ ಯಾರಾದರೂ ಹೇಳುವವರೆಗೂ ನಿಂತಿರಬೇಕು. ಅವಳು ಕಂಪ್ಯೂಟರಿನ ಮುಂದೆ ಕೈಕಟ್ಟಿ ನಿಂತು, ಕೂತುಕೋ ಎಂದು ಆ ಮೇಷ್ಟ್ರು ಹೇಳಲಿ ಎಂದು ಕಾದಳು. ಅವರು ಹೇಳಲಿಲ್ಲ. ನನಗೆ ನಾಚಿಕೆಯಾಯಿತು. ಆ ಮೀಸೆ ನನ್ನದೇ ಎಂದು ಆಗ ಒಪ್ಪಿಕೊಂಡೆ.

ಎರಡನೆಯ ಸಿ.ಡಿ. ತಪ್ಪು ಒತ್ತಿದ ಕೂಡಲೇ ತಾನೇ ಸರಿ ಉತ್ತರ ಹೇಳಿ, ಒಂದು ಹಾಡು ಹಾಡಿ ಮುಂದೆ ಹೋಯಿತು. ಅವಳು ಟಿ.ವಿ. ನೋಡುವ ಹಾಗೆ ಕೂತು ನೋಡಿದಳು.

ಮೂರನೆಯದರಲ್ಲಿ ಮೇಷ್ಟ್ರೂ ಇಲ್ಲ, ಹಾಡೂ ಇಲ್ಲ. ಅವಳು ಮತ್ತೆ ಇಪ್ಪತ್ತನಾಲ್ಕನ್ನೇ ಒತ್ತಿದಳು. ಸಿ.ಡಿ. ತಪ್ಪು ಎನ್ನಲಿಲ್ಲ. ಹತ್ತತ್ತು ಕಡ್ಡಿಯ ನಾಲ್ಕು ಕಟ್ಟು, ಬಿಡಿಯಾಗಿ ಮೂರು ಕಡ್ಡಿ ಪರದೆಯ ಮೇಲೆ ಬಂದವು. ಮೊದಲು ಏಳು ಕಡ್ಡಿ ತೆಗೆದು ಬುಟ್ಟಿಗೆ ಹಾಕು ಎಂದಿತು. ಅವಳು ಒಂದು ಹಾಕಿದಳು, ಎರಡು, ಮೂರು. ಬಿಡಿ ಕಡ್ಡಿ ಮುಗಿದವು. "ಅಯ್ಯ, ಸಾಕಾಗಲ್ಲ" ಎಂದಳು. ಆ ವರ್ಷ ನನ್ನೆದುರಿಗೆ ಅವಳು ಆಡಿದ ಮೊದಲ ಮಾತು ಅದಿರಬೇಕು. ಮಾತು ನನಗೆ ಹೇಳಿದ್ದಲ್ಲ. ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಬಾಣದ ಗುರುತು ಓಡಾಡಿಸಿ ಒಂದು ಕಟ್ಟಿನ ಮೇಲೆ ಒತ್ತಿದಳು. ಕಟ್ಟು ಬಿಚ್ಚಿಕೊಂಡು ಹತ್ತು ಕಡ್ಡಿ ಹರಡಿದವು. ಅವಳು ತಿರುಗಿ ನನ್ನನ್ನು ನೋಡಿ ನಕ್ಕಳು, ಆಮೇಲೆ ನಾನು ಯಾರೆಂದು ನೆನಪಾಗಿ ನಗು ನಿಲ್ಲಿಸಿದಳು.

ಈ ಲೆಕ್ಕವನ್ನು ನಾನು ಆ ತರಗತಿಗೆ ಜೂನ್‌ನಿಂದ ಹೇಳಿಕೊಡುತ್ತಿದ್ದೆ. ಮೂರರಲ್ಲಿ ಏಳು ಹೋಗದೆಂದು ತಿರುಗಿಸಿ ಏಳರಲ್ಲಿ ಮೂರು ಕಳೆದು ಇಪ್ಪತ್ತನಾಲ್ಕು ತರುವ ಮಗುವಿಗೆ ಏನು ತಿಳಿದಿಲ್ಲ ಎಂಬುದು ನನಗೆ ತಿಳಿದದ್ದು ಅವತ್ತು, ಒಂದು ಅಂಗೈಯಗಲದ ಪ್ಲಾಸ್ಟಿಕ್ಕಿನಿಂದ.

ಕೊಪ್ಪದ ಎರಡನೇ ಸಭೆಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಯೋಚನೆ ಒಂದೇ. ಮೂರನೆಯದೇ ಸರಿ ಎಂದು ಹೇಳಬೇಕಾದರೆ ಯಾವ ಮಗುವಿನ ಮೇಲೆ ಪರೀಕ್ಷಿಸಿದೆ ಎಂದೂ ಹೇಳಬೇಕು. ಕಂಪ್ಯೂಟರ್ ಮೇಷ್ಟ್ರ ತರಗತಿಯಲ್ಲಿ ಕಳೆಯುವ ಲೆಕ್ಕ ಬಾರದ ಮಗುವಿದೆ ಎಂದು ಮೂರು ತಾಲ್ಲೂಕಿಗೆ ಗೊತ್ತಾಗುತ್ತದೆ. ಬೇರೆ ಶಾಲೆಯ ಮಗು ಎನ್ನೋಣವೇ ಎಂದೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಅಲ್ಲಿ ಅಂತೂ ಇದ್ದದ್ದನ್ನು ಇದ್ದ ಹಾಗೆ, ತೋಟಕ್ಕೆ ಕಳಿಸುವುದನ್ನೂ ಸೇರಿಸಿ ಹೇಳಿದೆ. ಹಿರಿಯರು ಕನ್ನಡಕ ತೆಗೆದು ಒರೆಸಿದರು. "ನಮ್ಮಲ್ಲಿ ತೋಟ ಇಲ್ಲ. ಅಂಥವನ್ನ ಚಾಪೆ ಕೊಡವಕ್ಕೆ ಕಳಿಸ್ತೀವಿ" ಎಂದರು. ನರಸಿಂಹರಾಜಪುರದ ಶಿಕ್ಷಕಿ ತಮ್ಮಲ್ಲಿ ಬೀರು ಒರೆಸುವುದು ಎಂದರು. ಮೂರನೆಯ ಸಿ.ಡಿ.ಯೇ ಆಗಬೇಕೆಂದು ಮೂವರೂ ಸಹಿ ಹಾಕಿದೆವು. ನನ್ನ ಜೀವನದಲ್ಲಿ ನಾನು ಇಷ್ಟು ಸರಿಯಾಗಿ ತುಂಬಿದ ಫಾರಂ ಇನ್ನೊಂದಿಲ್ಲ.

ಕೆಲವು ತಿಂಗಳ ಮೇಲೆ ಶಾಲೆಗಳಿಗೆ ಸಿ.ಡಿ.ಗಳು ಬಂದವು. ಅದು ನಾವು ಮೂವರೂ ಕಂಡೇ ಇರದ ನಾಲ್ಕನೆಯದು.

ಆದರೆ ಪರೀಕ್ಷೆಗೆ ಕೊಟ್ಟ ಮೂರನೆಯದನ್ನು ಯಾರೂ ವಾಪಸು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ತಂಬಿಗೆ ಗುಂಪಿನ ಐದು ಮಕ್ಕಳು ದಿನಾ ಊಟದ ಹೊತ್ತಿನ ಮೊದಲು ಅಕ್ಕಿ ಡ್ರಮ್ಮಿನಿಂದ ಸಿ.ಡಿ. ತೆಗೆದು, ಊದಿ, ತಾವೇ ಹಾಕಿಕೊಂಡು ಕೂರತೊಡಗಿದರು. ಹೂವಿನ ಮುಸುಕಿಗೆ ಕೆಸರಿನ ಬೆರಳುಗಳು ಮೂಡಿದವು. ಮುಖ್ಯೋಪಾಧ್ಯಾಯಿನಿ ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಬೇಸಿಗೆ ರಜೆಗೆ ಸ್ವಲ್ಪ ಮುಂಚೆ, ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಐವತ್ತೆರಡರಲ್ಲಿ ಮೂವತ್ತೆಂಟು ಕಳೆಯಿರಿ ಎಂದು ಬರೆದೆ. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. "ಇಪ್ಪತ್ತಾರು ಸಾರ್" ಎಂದಳು ಅಡುಗೆಯಾಕೆಯ ಮಗಳು. ತರಗತಿಯೆಲ್ಲ ಅವಳು ಎದ್ದು ನಿಲ್ಲುತ್ತಾಳೆಂದು ತಿರುಗಿ ನೋಡಿತು. ನನ್ನ ಬಾಯಿಗೂ 'ನಿಂತ್ಕೋ' ಬಂದಿತ್ತು. ಅವಳು ಏಳಲಿಲ್ಲ. ಕಣ್ಣು ಬೋರ್ಡಿನ ಮೇಲೇ ಇತ್ತು. "ತಡೀರಿ ಸಾರ್, ಒಂದು ಕಟ್ಟು ಬಿಚ್ಚಬೇಕು" ಎಂದಳು.

ನಾನು ಕುರ್ಚಿಯಲ್ಲಿ ಕೂತೆ. ಮುಂದಿನ ಸಾಲಿನ ಮೂವರೂ ಬಾಯಿ ತೆರೆದಿದ್ದರು, ಕೈ ತೋರಿಸಿ ಸುಮ್ಮನಿರಿಸಿದೆ. ಅವಳು ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಒತ್ತಿ, ಎಣಿಸಿ, ಹದಿನಾಲ್ಕು ಎಂದಳು.

ಅವತ್ತು ಊಟ ಬಡಿಸುವಾಗ ಅವಳ ತಾಯಿ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದರು. "ಸೀತೂರಿಗೆ ಬೇರೆ ಯಾರನ್ನಾದ್ರೂ ನೋಡ್ಕ ಅಂತ ತಂಗಿಗೆ ಹೇಳಿ ಕಳ್ಸಿದೀನಿ ಮೇಷ್ಟ್ರೆ" ಎಂದರು. ನಾನು ಆ ಸಾರನ್ನೂ ಅನ್ನಕ್ಕೆ ಕಲಸಿಕೊಂಡೆ. ಈ ಸಲ 'ನೋಡೋಣ' ಎನ್ನಲಿಲ್ಲ ಎಂಬುದಷ್ಟೇ ಸಮಾಧಾನ.

ತಂಬಿಗೆಯ ಮಕ್ಕಳೆಲ್ಲ ಕಂಪ್ಯೂಟರಿನ ಮುಂದೆ ಇದ್ದದ್ದರಿಂದ ಆ ಬೇಸಿಗೆಯಲ್ಲಿ ತೋಟ ಬಾಡತೊಡಗಿತ್ತು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನಾನೇ ತಂಬಿಗೆ ಹಿಡಿದು ಹೊರಟೆ. ದಾಸವಾಳದ ಎಲೆಗಳ ಮೇಲೆಲ್ಲ ಧಾರಾಳವಾಗಿ ನೀರು ಸುರಿಯುತ್ತಿದ್ದೆ. ಹೂವಿಗೂ ಸ್ವಲ್ಪ ಹಾಕಿದೆ. ತಾಯಿಯ ಜೊತೆ ಮನೆಗೆ ಹೊರಟಿದ್ದ ಅವಳು ಗೇಟಿನ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಚೀಲವನ್ನು ಅಮ್ಮನ ಕೈಗೆ ಕೊಟ್ಟು ವಾಪಸು ಬಂದಳು. ತಪ್ಪು ಎನ್ನಲಿಲ್ಲ. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಒಂದು ಗಿಡದ ಬುಡ ಕೆದಕಿ, ನಿಧಾನವಾಗಿ ನೀರು ಬಿಟ್ಟು ತೋರಿಸಿದಳು. ಮುಂದಿನ ಗಿಡಕ್ಕೆ ತಂಬಿಗೆಯನ್ನು ಮತ್ತೆ ನನ್ನ ಕೈಗೇ ಕೊಟ್ಟು, ನಾನು ಹಾಕಿ ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.